ಎಲ್ಲಿಯೂ ಮನೆ ಹೂಡದ ಅಲೆಮಾರಿ: ಈಮ್ಯಾಕ್ಸ್‌ನ ಟ್ರ್ಯಾಂಪ್, ಒಂದು ಪರಿಶೀಲನೆ

ದೂರದಲ್ಲಿರುವ ಕಂಪ್ಯೂಟರಿನ ಕಡತವೊಂದನ್ನು ತಿದ್ದಬೇಕಾದಾಗ ಬಹುಕಾಲದವರೆಗೆ ಇದ್ದದ್ದು ಎರಡೇ ದಾರಿ. ಆ ಕಂಪ್ಯೂಟರಿಗೆ ಲಾಗಿನ್ ಆಗಿ ಅಲ್ಲಿರುವ ಎಡಿಟರನ್ನೇ ಬಳಸುವುದು ಒಂದು. ಕಡತವನ್ನು ಇಲ್ಲಿಗೆ ತರಿಸಿಕೊಂಡು, ಕೈಗೆ ಪಳಗಿದ ನಮ್ಮದೇ ಎಡಿಟರಿನಲ್ಲಿ ತಿದ್ದಿ, ಮತ್ತೆ ಅಲ್ಲಿಗೆ ಮುಟ್ಟಿಸುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ಒತ್ತಿದ ಪ್ರತಿ ಅಕ್ಷರವೂ ಅಲ್ಲಿಗೆ ಹೋಗಿ ಬಂದ ಮೇಲೆಯೇ ತೆರೆಯ ಮೇಲೆ ಮೂಡುತ್ತದೆ. ಬಿಲ್ ಜಾಯ್ 1976ರಲ್ಲಿ ವಿಐ ಎಡಿಟರನ್ನು ಬರೆದದ್ದು 300 ಬಾಡ್ ಮೋಡೆಮ್‌ಗಳ ಕಾಲದಲ್ಲಿ. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರಗಳ 24 ಸಾಲುಗಳಿರುವ ತೆರೆಯನ್ನು ಒಮ್ಮೆ ತುಂಬಲು 1,920 ಅಕ್ಷರಗಳು ಬೇಕು, ಆ ವೇಗದಲ್ಲಿ ಅದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ವಿಐ ಆಜ್ಞೆಗಳು ಒಂದೆರಡು ಅಕ್ಷರಗಳಲ್ಲೇ ಮುಗಿಯುವುದಕ್ಕೆ ಇದೂ ಕಾರಣ. ಇಂದು ಸಂಪರ್ಕದ ಸಾಲಿನ ಅಗಲಕ್ಕೆ, ಅಂದರೆ ಒಮ್ಮೆಗೆ ಸಾಗಿಸಬಲ್ಲ ದತ್ತಾಂಶದ ಪ್ರಮಾಣಕ್ಕೆ, ಕೊರತೆಯಿಲ್ಲ, ಆದರೆ ದೂರ ಹಾಗೆಯೇ ಉಳಿದಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 10,000 ಕಿಲೋಮೀಟರ್ ಆಚೆಯ ಸರ್ವರಿಗೆ ಹೋಗಿ ಬರಲು ಕನಿಷ್ಠ 100 ಮಿಲಿಸೆಕೆಂಡು ಬೇಕೇ ಬೇಕು, ಎಷ್ಟು ಹಣ ತೆತ್ತರೂ ಅದು ಕಡಿಮೆಯಾಗದು.

ಎರಡನೆಯ ದಾರಿಯ ಹಳೆಯ ಸಲಕರಣೆಗಳಲ್ಲಿ ಇಂದಿಗೂ ಚುರುಕಾಗಿ ಬೆಳೆಯುತ್ತಿರುವ ಟ್ರ್ಯಾಂಪ್ ಈ ಪರಿಶೀಲನೆಯ ವಸ್ತು. ಇದು ಬೇರೆಯಾಗಿ ಕೊಳ್ಳುವ ಅಥವಾ ಸ್ಥಾಪಿಸುವ ತಂತ್ರಾಂಶವಲ್ಲ, ಈಮ್ಯಾಕ್ಸ್ ಎಡಿಟರಿನ ಜೊತೆಯಲ್ಲೇ ಬರುತ್ತದೆ. ಇದರ ಬರವಣಿಗೆ ಶುರುವಾದದ್ದು 1998ರ ಕೊನೆಯಲ್ಲಿ, ಬೇರೊಂದು ಹೆಸರಿನಲ್ಲಿ. 2007ರಲ್ಲಿ ಬಿಡುಗಡೆಯಾದ ಈಮ್ಯಾಕ್ಸ್ 22ರಿಂದ ಇದು ಎಡಿಟರಿನ ಭಾಗವಾಯಿತು. ಹಲವು ಪ್ರೋಟೊಕಾಲ್‌ಗಳ ಮೂಲಕ ದೂರದ ಕಡತವನ್ನು ಪಾರದರ್ಶಕವಾಗಿ ಮುಟ್ಟುವುದು ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಕೂಡಿ ಈ ಹೆಸರಾಗಿದೆ. ಅದೇ ಪದಕ್ಕೆ ಅಲೆಮಾರಿ ಎಂಬ ಅರ್ಥವೂ ಇದೆ. ನನಗೆ ಈ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ಈ ಸಲಕರಣೆಯ ಗುಣ ಮತ್ತು ದೋಷಗಳೆರಡೂ ಅದು ಹೋದಲ್ಲೆಲ್ಲ ಮನೆ ಹೂಡದೆ ಇರುವುದರಿಂದಲೇ ಹುಟ್ಟಿವೆ.

ಬಳಕೆಯಲ್ಲಿ ಕಲಿಯಬೇಕಾದದ್ದು ಬಹಳವಿಲ್ಲ. ಕಡತ ತೆರೆಯುವ ಮಾಮೂಲಿ ಆಜ್ಞೆಗೆ ಕಡತದ ದಾರಿಯನ್ನು ಕೊಡುವಾಗ, ಅದರ ಮುಂದೆ ವಿಧಾನದ ಹೆಸರು, ಬಳಕೆದಾರನ ಹೆಸರು ಮತ್ತು ಕಂಪ್ಯೂಟರಿನ ಹೆಸರನ್ನು ಕೋಲನ್ ಮತ್ತು @ ಚಿಹ್ನೆಗಳಿಂದ ಬೇರ್ಪಡಿಸಿ ಸೇರಿಸಿದರೆ ಸಾಕು. ಸಾಮಾನ್ಯವಾಗಿ ಆ ವಿಧಾನ ಎಸ್‌ಎಸ್‌ಎಚ್, ಅಂದರೆ ದೂರದ ಯಂತ್ರಕ್ಕೆ ಗೂಢಲಿಪಿಯ ರಕ್ಷಣೆಯಲ್ಲಿ ಲಾಗಿನ್ ಆಗುವ ಸಲಕರಣೆ. ಹೆಸರನ್ನು ಅರ್ಧ ಬರೆದು ಟ್ಯಾಬ್ ಕೀಲಿ ಒತ್ತಿದರೆ ದೂರದ ಡೈರೆಕ್ಟರಿಯಲ್ಲಿರುವ ಹೆಸರುಗಳೂ ಸ್ಥಳೀಯ ಕಡತಗಳಂತೆಯೇ ಪೂರ್ಣಗೊಳ್ಳುತ್ತವೆ. ಎಸ್‌ಎಸ್‌ಎಚ್ ಸಂರಚನಾ ಕಡತದಲ್ಲಿ ನಾವು ಕೊಟ್ಟುಕೊಂಡಿರುವ ಅಡ್ಡಹೆಸರುಗಳು, ಕೀಲಿಗಳು, ಪೋರ್ಟ್ ಸಂಖ್ಯೆಗಳು ಎಲ್ಲವೂ ಇಲ್ಲಿಯೂ ನಡೆಯುತ್ತವೆ, ಏಕೆಂದರೆ ಟ್ರ್ಯಾಂಪ್ ತನ್ನದೇ ಎಸ್‌ಎಸ್‌ಎಚ್ ಅನ್ನು ಹೊತ್ತು ತಿರುಗುವುದಿಲ್ಲ. ನಮ್ಮ ಯಂತ್ರದಲ್ಲಿ ಈಗಾಗಲೇ ಇರುವುದನ್ನೇ ಕರೆಯುತ್ತದೆ. ಕಡತ ತೆರೆದ ಮೇಲೆ ಅದು ದೂರದ್ದು ಎಂಬುದು ಮರೆತೇ ಹೋಗುತ್ತದೆ, ಅಕ್ಷರ ಒತ್ತಿದೊಡನೆ ಮೂಡುತ್ತದೆ. ಉಳಿಸುವ ಕ್ಷಣದಲ್ಲಿ ಮಾತ್ರ ಕೆಳಗಿನ ಸಾಲಿನಲ್ಲಿ ಒಂದು ಸೂಚನೆ ಮಿನುಗಿ ಮರೆಯಾಗುತ್ತದೆ.

ಒಳಗೆ ನಡೆಯುವುದನ್ನು ಒಮ್ಮೆ ನೋಡಿದವರಿಗೆ ಇದರ ಬಗ್ಗೆ ಗೌರವವೂ ಸ್ವಲ್ಪ ಗಾಬರಿಯೂ ಒಟ್ಟಿಗೆ ಹುಟ್ಟುತ್ತವೆ. ಟ್ರ್ಯಾಂಪ್ ದೂರದ ಯಂತ್ರದಲ್ಲಿ ಯಾವ ತಂತ್ರಾಂಶವನ್ನೂ ಸ್ಥಾಪಿಸುವುದಿಲ್ಲ. ಮನುಷ್ಯನೊಬ್ಬ ಲಾಗಿನ್ ಆಗುವ ಹಾಗೆಯೇ ಲಾಗಿನ್ ಆಗಿ, ಒಂದು ಸರಳ ಶೆಲ್ (ಬರೆದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮು) ತೆರೆದು, ಅದರ ಪ್ರಾಂಪ್ಟನ್ನು, ಅಂದರೆ ಆಜ್ಞೆಗೆ ಕಾಯುತ್ತಿರುವುದನ್ನು ತೋರಿಸುವ ಗುರುತನ್ನು, ತಾನು ಗುರುತಿಸಬಲ್ಲ ವಿಚಿತ್ರ ಅಕ್ಷರಮಾಲೆಯಾಗಿ ಬದಲಿಸಿಕೊಂಡು, ಆಮೇಲೆ ಒಂದೊಂದೇ ಪ್ರಶ್ನೆ ಕೇಳಲು ತೊಡಗುತ್ತದೆ. ಕಡತದ ಗಾತ್ರ, ಒಡೆಯ, ತಿದ್ದುಪಡಿಯ ಸಮಯ ತಿಳಿಯಲು ಇಲ್ಲಿ ಸ್ಟ್ಯಾಟ್ ಆಜ್ಞೆ ಇದೆಯೇ, ಇಲ್ಲದಿದ್ದರೆ ಪರ್ಲ್ ಭಾಷೆ ಇದೆಯೇ, ಅದೂ ಇಲ್ಲದಿದ್ದರೆ ಕಡತಗಳ ಪಟ್ಟಿ ಕೊಡುವ ಎಲ್‌ಎಸ್ ಆಜ್ಞೆಯ ಉತ್ತರವನ್ನೇ ಬಿಡಿಸಿ ಓದಬೇಕೇ ಎಂದು ಹುಡುಕುತ್ತದೆ. ಸಣ್ಣ ಕಡತಗಳನ್ನು ಅದೇ ಶೆಲ್ ಸಂಪರ್ಕದೊಳಗೆ ಬೇಸ್64 ರೂಪಕ್ಕೆ ಬದಲಿಸಿ ಪಠ್ಯವಾಗಿ ಸಾಗಿಸುತ್ತದೆ, ಕಡತ ನಕಲಿಸುವ ಎಸ್‌ಸಿಪಿಯಂಥ ವಿಧಾನವನ್ನು ಆರಿಸಿದ್ದರೆ ದೊಡ್ಡವುಗಳಿಗೆ ಆ ಹೊರಗಿನ ಆಜ್ಞೆಯನ್ನು ಕರೆಯುತ್ತದೆ. ಬೇಸ್64 ಆಜ್ಞೆ ಇಲ್ಲದ ಬಡ ಯಂತ್ರ ಸಿಕ್ಕಿದರೆ, ಆಕ್ ಭಾಷೆಯಲ್ಲಿ ಬರೆದ ಪುಟ್ಟ ಬಿಡಿಸುಗವೊಂದನ್ನು ತಾನೇ ಕಳುಹಿಸಿ ಕೆಲಸ ಮುಗಿಸುವ ಏರ್ಪಾಡೂ ಇದರೊಳಗಿದೆ. ಶೆಲ್ ಒಂದಿದ್ದರೆ ಸಾಕು ಎಂಬ ಹಟ ಇಷ್ಟು ದೂರ ಹೋಗಿರುವುದನ್ನು ನಾನು ಬೇರೆ ಯಾವ ಎಡಿಟರಿನಲ್ಲಿಯೂ ಕಂಡಿಲ್ಲ.

ಈ ಹಟದ ಫಲವನ್ನು ಉಣ್ಣುವವರು ಹಲವು ಬಗೆಯ ಯಂತ್ರಗಳನ್ನು ನೋಡಿಕೊಳ್ಳುವವರು. ವರ್ಷಗಳಿಂದ ನವೀಕರಿಸದ ಸರ್ವರ್, ಕೆಲವೇ ಮೆಗಾಬೈಟ್ ಜಾಗವಿರುವ ರೂಟರ್, ಈಗ ಹುಟ್ಟಿ ಸಂಜೆಗೆ ಅಳಿಯುವ ಕಂಟೇನರ್ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ನಡೆಸುವ ಪೆಟ್ಟಿಗೆ), ಯಾವುದೇ ಇರಲಿ, ಅದರಲ್ಲಿ ಶೆಲ್ ಇದ್ದರೆ ಟ್ರ್ಯಾಂಪ್‌ಗೆ ಬಾಗಿಲು ತೆರೆದಂತೆಯೇ. 2023ರಲ್ಲಿ ಬಂದ ಈಮ್ಯಾಕ್ಸ್ 29ರಿಂದ ಕಂಟೇನರುಗಳನ್ನು ನಡೆಸುವ ಡಾಕರ್, ಪಾಡ್‌ಮನ್, ಕುಬರ್ನೆಟಿಸ್‌ಗಳ ವಿಧಾನಗಳು ಹೆಚ್ಚುವರಿ ಪ್ಯಾಕೇಜ್ ಇಲ್ಲದೆ ದೊರೆಯುತ್ತವೆ. ಇನ್ನೂ ಹೆಚ್ಚಿನ ಸೌಲಭ್ಯವೆಂದರೆ ವಿಧಾನಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು: ನಡುವಿನ ಕಾವಲು ಸರ್ವರಿಗೆ ಎಸ್‌ಎಸ್‌ಎಚ್, ಅಲ್ಲಿಂದ ಒಳಗಿನ ಸರ್ವರಿಗೆ ಇನ್ನೊಂದು ಎಸ್‌ಎಸ್‌ಎಚ್, ಅಲ್ಲಿ ಸುಡೊ ಆಜ್ಞೆಯ ಮೂಲಕ ರೂಟ್ ಅಧಿಕಾರ (ಯಂತ್ರದ ಮೇಲಿನ ಪೂರ್ಣ ಅಧಿಕಾರ), ಹೀಗೆ ಒಂದೇ ಸಾಲಿನ ದಾರಿಯಲ್ಲಿ ನಡುವೆ ನಿಲುಗೆರೆ (|) ಹಾಕಿ ಬರೆದುಬಿಡಬಹುದು. ಸಾಮಾನ್ಯ ಬಳಕೆದಾರನಾಗಿ ಲಾಗಿನ್ ಆಗಿ ರೂಟ್ ಒಡೆತನದ ಕಡತವನ್ನು ತಿದ್ದುವ ಈ ಅಗತ್ಯ ವ್ಯವಸ್ಥಾಪಕರಿಗೆ ನಿತ್ಯ ಬರುವಂಥದು. ಇತರ ಎಡಿಟರುಗಳಲ್ಲಿ ಅದಕ್ಕೆ ಸುತ್ತುದಾರಿಗಳೇ ಗತಿ, ಇಲ್ಲಿ ಮಾತ್ರ ಅದು ರಾಜಮಾರ್ಗ.

ಕಡತಗಳಾಚೆಗೂ ಇದರ ಕೈ ಚಾಚುತ್ತದೆ. ದೂರದ ಡೈರೆಕ್ಟರಿಯನ್ನು ಈಮ್ಯಾಕ್ಸ್‌ನ ಕಡತ ನಿರ್ವಾಹಕವಾದ ಡೈರೆಡ್‌ನಲ್ಲಿ ತೆರೆದು ಹೆಸರು ಬದಲಿಸಬಹುದು, ಒಂದು ಸರ್ವರಿನಿಂದ ಇನ್ನೊಂದಕ್ಕೆ ನಕಲು ಮಾಡಬಹುದು. ದೂರದ ಕಡತ ತೆರೆದಿರುವಾಗ ಕಂಪೈಲ್ ಆಜ್ಞೆ ಕೊಟ್ಟರೆ ಅದು ನಡೆಯುವುದು ಅಲ್ಲಿಯೇ, ಶೆಲ್ ತೆರೆದರೆ ಅದೂ ಅಲ್ಲಿಯದೇ. ಹೊಸಬರು ಇದನ್ನು ತಿಳಿಯದೆ, ಸ್ಥಳೀಯ ಶೆಲ್ ಎಂದುಕೊಂಡು ಅಳಿಸುವ ಆಜ್ಞೆ ಕೊಟ್ಟುಬಿಡುವ ಅಪಾಯ ಇರುವುದರಿಂದ, ರೂಟ್ ಅಧಿಕಾರದ ಬಫರುಗಳಿಗೆ (ತೆರೆದ ಪಠ್ಯವನ್ನು ಈಮ್ಯಾಕ್ಸ್ ಇಟ್ಟುಕೊಳ್ಳುವ ಜಾಗಗಳಿಗೆ) ಬೇರೆ ಬಣ್ಣ ಬರುವಂತೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ಇನ್ನು ನಿಧಾನದ ಮಾತು. ಟ್ರ್ಯಾಂಪ್ ಕುರಿತ ದೂರುಗಳಲ್ಲಿ ಅತಿ ಹೆಚ್ಚು ಕೇಳಿಬರುವುದು ಇದೇ, ಮತ್ತು ಆ ದೂರು ಸುಳ್ಳಲ್ಲ. ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಉತ್ತರಕ್ಕೆ ಕಾಯುವುದು ಇದರ ಸ್ವಭಾವವಾದ್ದರಿಂದ, ಹೋಗಿ ಬರುವ ಕಾಲ 200 ಮಿಲಿಸೆಕೆಂಡು ಇರುವ ಸಾಲಿನಲ್ಲಿ ಹತ್ತು ಪ್ರಶ್ನೆಗಳಿಗೆ 2 ಸೆಕೆಂಡು, ನೂರು ಪ್ರಶ್ನೆಗಳಿಗೆ 20 ಸೆಕೆಂಡು ಹಿಡಿಯುತ್ತದೆ. ಸಾಲು ಎಷ್ಟೇ ಅಗಲವಿದ್ದರೂ ಈ ಲೆಕ್ಕ ಬದಲಾಗದು. ಪಕ್ಕದ ಕೋಣೆಯ ಸರ್ವರಿನ ಜೊತೆ ಕೆಲಸ ಮಾಡಿ ಇದನ್ನು ಹೊಗಳುವವರೂ, ಖಂಡದಾಚೆಯ ಸರ್ವರಿನ ಜೊತೆ ಕೆಲಸ ಮಾಡಿ ತೆಗಳುವವರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಲಿನಕ್ಸ್ ಬಳಸುವವರು ನೆಟ್ಎಮ್ ಎಂಬ ಸೌಲಭ್ಯದಿಂದ ತಮ್ಮ ಜಾಲಕ್ಕೆ ಬೇಕಾದಷ್ಟು ವಿಳಂಬವನ್ನು ಕೃತಕವಾಗಿ ಸೇರಿಸಿ ನೋಡಬಹುದು. ನಾನು ದೂರದ ಕಡತ ತಿದ್ದುವ ಯಾವುದೇ ಸಲಕರಣೆಯನ್ನು ಒರೆಗೆ ಹಚ್ಚುವುದು ಹಾಗೆಯೇ, ಮತ್ತು ವಿಳಂಬವನ್ನು ಏರಿಸುತ್ತ ಹೋದಂತೆ ಮೊದಲು ಸೊರಗುವುದು ಪ್ರಾಯಶಃ ಟ್ರ್ಯಾಂಪೇ.

ಆದರೆ ಆ ಪ್ರಶ್ನೆಗಳೆಲ್ಲವೂ ಅಗತ್ಯವಾದವಲ್ಲ. ಈಮ್ಯಾಕ್ಸ್ ಕಡತ ತೆರೆಯುವಾಗಲೆಲ್ಲ ಅದು ಬದಲಾವಣೆಗಳ ಇತಿಹಾಸವನ್ನಿಡುವ ಗಿಟ್‌ನಂಥ ಆವೃತ್ತಿ ನಿಯಂತ್ರಣದಲ್ಲಿದೆಯೇ ಎಂದು ತಿಳಿಯಲು ಮೇಲಿನ ಪ್ರತಿಯೊಂದು ಡೈರೆಕ್ಟರಿಯಲ್ಲಿಯೂ ಹಲವು ವ್ಯವಸ್ಥೆಗಳ ಗುರುತುಗಳನ್ನು ಹುಡುಕುತ್ತದೆ. ಸ್ಥಳೀಯ ಡಿಸ್ಕಿನಲ್ಲಿ ಇದು ಕಣ್ಣೆವೆಯಿಕ್ಕುವುದರೊಳಗೆ ಮುಗಿಯುವ ಕೆಲಸ, ದೂರದ ಯಂತ್ರದಲ್ಲಿ ಹಾಗಲ್ಲ. ದೂರದ ಕಡತಗಳಿಗೆ ಈ ಹುಡುಕಾಟ ಬೇಡವೆಂದು ಹೇಳುವ ಒಂದೇ ಸಾಲಿನ ಹೊಂದಿಕೆಯನ್ನು ಅಧಿಕೃತ ಕೈಪಿಡಿಯೇ ಸೂಚಿಸುತ್ತದೆ, ಮತ್ತು ಅದರಿಂದಾಗುವ ವ್ಯತ್ಯಾಸ ಗಡಿಯಾರ ನೋಡದೆಯೂ ತಿಳಿಯುವಷ್ಟಿರುತ್ತದೆ. ಕಡತಗಳ ಗುಣಲಕ್ಷಣಗಳನ್ನು ಟ್ರ್ಯಾಂಪ್ 10 ಸೆಕೆಂಡುಗಳ ಕಾಲ ನೆನಪಿನಲ್ಲಿಡುತ್ತದೆ. ಆ ಕಡತಗಳನ್ನು ಬೇರೆ ಯಾರೂ ಮುಟ್ಟುವುದಿಲ್ಲವೆಂಬ ಖಾತ್ರಿ ಇರುವವರು ಈ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು. ಎಲ್ಲಕ್ಕಿಂತ ಕಿರಿಕಿರಿಯ ಸಂಗತಿ ಬೇರೆಯೇ ಇದೆ: ದೂರದ ಯಂತ್ರ ಉತ್ತರ ಕೊಡದಿದ್ದಾಗ ಕಾಯುವುದು ಆ ಒಂದು ಬಫರ್ ಮಾತ್ರವಲ್ಲ, ಇಡೀ ಈಮ್ಯಾಕ್ಸ್ ಕೈಕಟ್ಟಿ ನಿಲ್ಲುತ್ತದೆ. ಸ್ಥಳೀಯ ಕಡತದಲ್ಲಿ ಬರೆಯುತ್ತಿದ್ದ ವಾಕ್ಯವನ್ನೂ ಮುಂದುವರಿಸಲಾಗುವುದಿಲ್ಲ. ಇದಕ್ಕೆ ಯಾವ ಹೊಂದಿಕೆಯೂ ಪೂರ್ಣ ಮದ್ದಲ್ಲ.

ಮೊದಲ ದಿನವೇ ಎಡವಿಸುವ ಕಲ್ಲೊಂದನ್ನು ಇಲ್ಲಿ ಹೇಳಬೇಕು. ದೂರದ ಶೆಲ್ಲಿನ ಪ್ರಾಂಪ್ಟ್ ಬಣ್ಣಬಣ್ಣದ್ದಾಗಿದ್ದರೆ, ಎರಡು ಸಾಲಿನದ್ದಾಗಿದ್ದರೆ ಅಥವಾ ಲಾಗಿನ್ ಆದೊಡನೆ ಏನಾದರೂ ಪ್ರಶ್ನೆ ಕೇಳುವಂತಿದ್ದರೆ, ಟ್ರ್ಯಾಂಪ್‌ಗೆ ಶೆಲ್ ಸಿದ್ಧವಾಯಿತೋ ಇಲ್ಲವೋ ಎಂಬುದು ಗೊತ್ತಾಗದೆ ಅದು ಕಾಯುತ್ತಲೇ ಕೂರುತ್ತದೆ. ನಾನು ಆಸೆಯಿಂದ ಸಿಂಗರಿಸಿಕೊಂಡಿದ್ದ ಪ್ರಾಂಪ್ಟೇ ಇದಕ್ಕೆ ಕಾರಣವೆಂದು ಅರಿಯಲು ನನಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಟ್ರ್ಯಾಂಪ್ ತನ್ನನ್ನು ಮೂಕ ಟರ್ಮಿನಲ್ (ಬಣ್ಣ, ಅಲಂಕಾರ ತೋರಿಸಲಾಗದ ತೆರೆ) ಎಂದು ಪರಿಚಯಿಸಿಕೊಳ್ಳುವುದರಿಂದ, ಅಂಥ ಟರ್ಮಿನಲ್ ಬಂದಾಗ ಸಿಂಗಾರವನ್ನೆಲ್ಲ ಬಿಟ್ಟು ಬರಿಯ ಡಾಲರ್ ಚಿಹ್ನೆಯನ್ನಷ್ಟೇ ತೋರಿಸುವಂತೆ ದೂರದ ಶೆಲ್ಲಿನ ಆರಂಭಿಕ ಕಡತದಲ್ಲಿ ಒಂದು ಸಾಲು ಸೇರಿಸಿದರೆ ತೊಂದರೆ ತೀರುತ್ತದೆ. ಸಮಸ್ಯೆ ಎಲ್ಲಿದೆಯೆಂದು ತಿಳಿಯದಾಗ ಇದರ ಮಾತುಗಾರಿಕೆಯ ಮಟ್ಟವನ್ನು ಮಾಮೂಲಿ 3ರಿಂದ 6ಕ್ಕೆ ಏರಿಸಿದರೆ, ದೂರದ ಶೆಲ್ಲಿಗೆ ಕಳುಹಿಸಿದ ಪ್ರತಿ ಆಜ್ಞೆ ಮತ್ತು ಬಂದ ಪ್ರತಿ ಉತ್ತರ ಒಂದು ಬಫರಿನಲ್ಲಿ ದಾಖಲಾಗುತ್ತವೆ. ಓದಲು ಪ್ರಯಾಸದ್ದಾದರೂ ಆ ದಾಖಲೆ ಪ್ರಾಮಾಣಿಕವಾದುದು. ಕೆಟ್ಟುಹೋದಾಗ ಇಷ್ಟು ವಿವರವಾಗಿ ತಪ್ಪೊಪ್ಪಿಕೊಳ್ಳುವ ಸಲಕರಣೆಗಳು ಕಡಿಮೆ.

ದೂರದ ಕಡತವನ್ನು ತಿದ್ದುವ ಯಾವ ಸಲಕರಣೆಗೂ ನಿಜವಾದ ಪರೀಕ್ಷೆ ಎದುರಾಗುವುದು ಉಳಿಸುವ ಕ್ಷಣದಲ್ಲಿ. ಎಸ್‌ಸಿಪಿ ಇರುವ ಕಡತದ ಮೇಲೆಯೇ ಬರೆಯುತ್ತದೆ. ಹಾಗೆ ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಅಲ್ಲಿ ಅರ್ಧ ಕಡತ ಉಳಿಯುವ ಸಾಧ್ಯತೆಯಿದೆ, ಆ ಅರ್ಧವನ್ನು ಸರ್ವರ್ ಓದಿಬಿಟ್ಟರೆ ಫಲಿತಾಂಶವನ್ನು ಊಹಿಸಬಹುದು. ಈಮ್ಯಾಕ್ಸ್ ಮೊದಲ ಸಲ ಉಳಿಸುವ ಮುನ್ನ ಹಳೆಯ ಪ್ರತಿಯನ್ನು, ಹೆಸರಿನ ಕೊನೆಗೆ ಅಲೆಗೆರೆ (~) ಸೇರಿಸಿ, ಅದೇ ಡೈರೆಕ್ಟರಿಯಲ್ಲಿ ಇಟ್ಟುಕೊಳ್ಳುವುದರಿಂದ ಹಿಂದಿನ ಸ್ಥಿತಿಗೆ ಮರಳುವುದು ಸಾಧ್ಯ. ತಿದ್ದಿದ ಪಠ್ಯವೂ ನಮ್ಮ ಬಫರಿನಲ್ಲಿ ಪೂರ್ತಿಯಾಗಿ ಇದ್ದೇ ಇರುತ್ತದೆ. ಆದರೆ ಈ ಅಲೆಗೆರೆಯ ಪ್ರತಿಯೇ ಕೆಲವೊಮ್ಮೆ ಕಂಟಕವಾಗುತ್ತದೆ. ವೆಬ್ ಪುಟ ತಯಾರಿಸುವ ಪಿಎಚ್‌ಪಿ ಭಾಷೆಯ ಕಡತವೊಂದರ ಹೀಗೆ ಉಳಿದ ಪ್ರತಿಯ ಹೆಸರು ಪಿಎಚ್‌ಪಿ ಎಂದು ಮುಗಿಯುವುದಿಲ್ಲವಾದ್ದರಿಂದ, ವೆಬ್ ಸರ್ವರ್ ಅದನ್ನು ನಡೆಸದೆ ಬರಿಯ ಪಠ್ಯವೆಂದು ಕೇಳಿದವರಿಗೆಲ್ಲ ಹಂಚಿಬಿಡಬಹುದು, ಒಳಗಿರುವ ಡೇಟಾಬೇಸ್ ಪಾಸ್‌ವರ್ಡಿನ ಸಮೇತ. ದೂರದ ಕಡತಗಳ ಹಳೆಯ ಪ್ರತಿಗಳನ್ನು ಬೇರೊಂದು ಡೈರೆಕ್ಟರಿಯಲ್ಲಿಡುವಂತೆ ಹೊಂದಿಸುವುದು ಸುಲಭ. ಹಾಗೆ ಹೊಂದಿಸುವಾಗ ರೂಟ್ ಮಾತ್ರ ಓದಬಲ್ಲ ಗುಟ್ಟಿನ ಕಡತದ ಪ್ರತಿ ನಮ್ಮ ಲ್ಯಾಪ್‌ಟಾಪಿನ ಸಾಮಾನ್ಯ ಫೋಲ್ಡರಿಗೆ ಬಂದು ಬೀಳದಂತೆಯೂ ನೋಡಿಕೊಳ್ಳಬೇಕಾಗುತ್ತದೆ.

ಹೋಲಿಕೆಗೆ ಬಂದರೆ, ಇಂದು ಹೆಚ್ಚು ಜನ ಬಳಸುವುದು ವಿಎಸ್ ಕೋಡ್ ಎಡಿಟರಿನ ರಿಮೋಟ್ ಎಸ್‌ಎಸ್‌ಎಚ್ ವಿಸ್ತರಣೆಯನ್ನು. 2019ರ ಮೇ ತಿಂಗಳಲ್ಲಿ ಪ್ರಕಟವಾದ ಇದು ಎಡಿಟರನ್ನೇ ಎರಡಾಗಿ ಸೀಳುವ ಮೂರನೆಯ ದಾರಿಯನ್ನು ಹಿಡಿಯಿತು: ತೆರೆ ಮತ್ತು ಕೀಲಿಮಣೆ ಇಲ್ಲಿ, ಕಡತ ಹುಡುಕುವ, ಕೋಡನ್ನು ಅರ್ಥೈಸುವ, ಗಿಟ್ ನಡೆಸುವ ಭಾಗ ಅಲ್ಲಿ. ಸಾವಿರಾರು ಕಡತಗಳ ನಡುವೆ ಒಂದು ಪದವನ್ನು ಹುಡುಕಿದರೂ ಹುಡುಕಾಟ ಅಲ್ಲೇ ನಡೆದು ಉತ್ತರ ಮಾತ್ರ ಸಾಲಿನ ಮೇಲೆ ಬರುವುದರಿಂದ, ದೊಡ್ಡ ಕೋಡ್ ಯೋಜನೆಗಳಲ್ಲಿ ಟ್ರ್ಯಾಂಪ್ ಇದರ ಸಮೀಪಕ್ಕೂ ಬರಲಾರದು. ಈ ಮಾತನ್ನು ಈಮ್ಯಾಕ್ಸ್ ಅಭಿಮಾನಿಯಾಗಿಯೂ ನಾನು ಮುಚ್ಚಿಡಲಾರೆ.

ಆದರೆ ಈ ವಿಸ್ತರಣೆ ಹೋದಲ್ಲೆಲ್ಲ ಮನೆ ಹೂಡುವ ಸಲಕರಣೆ. ದೂರದ ಯಂತ್ರದಲ್ಲಿ ತನ್ನ ಸರ್ವರ್ ಭಾಗವನ್ನು ಸ್ಥಾಪಿಸಿಕೊಳ್ಳುತ್ತದೆ. ಅದಕ್ಕೆ ಕನಿಷ್ಠ 1 ಜಿಬಿ ಮೆಮೊರಿ ಬೇಕು, 2 ಜಿಬಿ ಇದ್ದರೆ ಒಳ್ಳೆಯದು ಎನ್ನುತ್ತದೆ ಅದರ ದಸ್ತಾವೇಜು. 2024ರ ಆರಂಭದಲ್ಲಿ ಬಂದ 1.86ನೆಯ ಆವೃತ್ತಿ ದೂರದ ಯಂತ್ರದಲ್ಲಿ ಲಿನಕ್ಸ್ ಪ್ರೋಗ್ರಾಮುಗಳ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28 ಅಥವಾ ಅದಕ್ಕಿಂತ ಹೊಸದು ಇರಲೇಬೇಕೆಂದಾಗ, 2.27 ಇದ್ದ ಉಬುಂಟು 18.04 ಮತ್ತು 2.17 ಇದ್ದ ಸೆಂಟ್‌ಓಎಸ್ 7 ಸರ್ವರುಗಳ ಬಾಗಿಲು ಒಮ್ಮೆಲೇ ಮುಚ್ಚಿತು. ಬಳಕೆದಾರರ ಆಕ್ಷೇಪದ ನಂತರ ಕೆಲಕಾಲದ ವಿನಾಯಿತಿ ದೊರೆಯಿತು. ಎಡಿಟರಿನ ಮೂಲ ಆಕರ ಮುಕ್ತವಾಗಿದ್ದರೂ ಈ ವಿಸ್ತರಣೆ ಮುಕ್ತವಲ್ಲ ಎಂಬುದನ್ನೂ ಗಮನಿಸಬೇಕು. ದೂರದ ಯಂತ್ರ ದುರುಳರ ಕೈಸೇರಿದ್ದರೆ ಈ ಸಂಪರ್ಕದ ಮೂಲಕವೇ ನಮ್ಮ ಯಂತ್ರದಲ್ಲಿ ಕೋಡ್ ನಡೆಸಲು ಸಾಧ್ಯವೆಂಬ ಎಚ್ಚರಿಕೆಯನ್ನು ತಯಾರಕರೇ ಬರೆದಿಟ್ಟಿದ್ದಾರೆ. ನಂಬಿಕೆಯ ಯಂತ್ರಗಳಿಗೆ ಮಾತ್ರ ಇದನ್ನು ಬಳಸಬೇಕೆಂದು ಅದರ ಅರ್ಥ.

ಎಸ್‌ಎಸ್‌ಎಚ್‌ಎಫ್‌ಎಸ್ ಇನ್ನೊಂದು ಜಾಣ ಉಪಾಯ. ದೂರದ ಡೈರೆಕ್ಟರಿಯನ್ನು ನಮ್ಮ ಕಡತ ವ್ಯವಸ್ಥೆಗೇ ಜೋಡಿಸಿಬಿಡುವುದರಿಂದ ಯಾವ ಎಡಿಟರಾದರೂ ನಡೆಯುತ್ತದೆ, ಎಡಿಟರಿಗೆ ಅದು ದೂರದ್ದೆಂಬ ಸುಳಿವೇ ಇರುವುದಿಲ್ಲ. ಸುಳಿವಿಲ್ಲದಿರುವುದೇ ತೊಂದರೆಯ ಮೂಲವೂ ಹೌದು, ಏಕೆಂದರೆ ಸ್ಥಳೀಯ ಡಿಸ್ಕೆಂದು ನಂಬಿದ ಎಡಿಟರ್ ಸಾವಿರಾರು ಕಡತಗಳನ್ನು ಸೂಚಿಗೆ ಸೇರಿಸಲು ಹೊರಡುತ್ತದೆ, ಗಿಟ್ ಪ್ರತಿ ಕಡತದ ಸ್ಥಿತಿಯನ್ನು ವಿಚಾರಿಸತೊಡಗುತ್ತದೆ. ಅಲ್ಲಿ ಬೇರೊಬ್ಬರು ಕಡತ ಬದಲಿಸಿದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಕೊಡುವ ಸೂಚನೆಯೂ ಈ ಕಡೆಗೆ ತಲುಪುವುದಿಲ್ಲ. ಸಂಪರ್ಕ ಸತ್ತಾಗ ಆ ಡೈರೆಕ್ಟರಿಯನ್ನು ಮುಟ್ಟಿದ ಪ್ರೋಗ್ರಾಮುಗಳೆಲ್ಲ ಕದಲದೆ ನಿಂತುಬಿಡುತ್ತವೆ, ಮರುಸಂಪರ್ಕದ ಆಯ್ಕೆಯನ್ನು ಮೊದಲೇ ಕೊಟ್ಟಿರದಿದ್ದರೆ ಬಲವಂತವಾಗಿ ಕಳಚಬೇಕಾಗುತ್ತದೆ. ವಿಮ್ ಎಡಿಟರಿನ ನೆಟ್‌ಆರ್‌ಡಬ್ಲ್ಯೂ ಕಡತವನ್ನು ತಾತ್ಕಾಲಿಕ ಪ್ರತಿಯಾಗಿ ತಂದು, ಉಳಿಸಿದಾಗ ವಾಪಸು ಕಳುಹಿಸುವ ಸರಳ ಸಲಕರಣೆ. ಒಂದೆರಡು ಕಡತಗಳಿಗೆ ಅದು ಧಾರಾಳ ಸಾಕು.

ಹಾಗಾಗಿ ನನ್ನ ಶಿಫಾರಸು ಈಮ್ಯಾಕ್ಸ್ ಬಳಸುವವರೆಲ್ಲರಿಗೂ ಒಂದೇ ಅಲ್ಲ. ದಿನವಿಡೀ ಒಂದೇ ಸಬಲ ಸರ್ವರಿನಲ್ಲಿ ಒಂದೇ ದೊಡ್ಡ ಯೋಜನೆಯ ಮೇಲೆ ಕೆಲಸ ಮಾಡುವವರು, ಅಲ್ಲಿ ಮನೆ ಹೂಡುವ ಸಲಕರಣೆಯನ್ನೇ ಆರಿಸಿಕೊಳ್ಳಲಿ, ಅಥವಾ ಅಲ್ಲಿಯೇ ಈಮ್ಯಾಕ್ಸ್ ಸ್ಥಾಪಿಸಿ ಟರ್ಮಿನಲ್ಲಿನಲ್ಲಿ ನಡೆಸಲಿ. ಹತ್ತಾರು ಯಂತ್ರಗಳ ಸಂರಚನಾ ಕಡತಗಳನ್ನು ಇಷ್ಟಿಷ್ಟೇ ತಿದ್ದುವವರಿಗೆ, ಏನನ್ನೂ ಸ್ಥಾಪಿಸಲು ಅನುಮತಿಯಿಲ್ಲದ ಸರ್ವರುಗಳಲ್ಲಿ ಕೆಲಸವಿರುವವರಿಗೆ, ಎರಡು ಮೂರು ಬಾಗಿಲು ದಾಟಿ ರೂಟ್ ಆಗಬೇಕಾದವರಿಗೆ ಟ್ರ್ಯಾಂಪ್‌ಗಿಂತ ಹೊಂದುವ ಬೇರೊಂದನ್ನು ನಾನು ಹೇಳಲಾರೆ.

ಅದನ್ನು ಆರಿಸಿಕೊಂಡವರು ಒಂದು ಆಜ್ಞೆಯನ್ನು ಕೈಗೆಟಕುವ ಕೀಲಿಗೆ ಕಟ್ಟಿಕೊಳ್ಳಬೇಕು. ಲ್ಯಾಪ್‌ಟಾಪನ್ನು ಮಡಚಿ, ಬೇರೆ ಜಾಲಕ್ಕೆ ಬಂದು ತೆರೆದಾಗ ಹಳೆಯ ಸಂಪರ್ಕ ಸತ್ತಿರುತ್ತದೆ. ಟ್ರ್ಯಾಂಪ್‌ಗೆ ಅದು ತಿಳಿದಿರುವುದಿಲ್ಲವಾದ್ದರಿಂದ ಉಳಿಸಲು ಹೊರಟ ಕೂಡಲೇ ಎಡಿಟರ್ ಮರವಟ್ಟು ನಿಲ್ಲುತ್ತದೆ. ಆಗ ಕಂಟ್ರೋಲ್ ಮತ್ತು ಜಿ ಕೀಲಿಗಳನ್ನು ಒತ್ತಿ ಬಿಡಿಸಿಕೊಂಡು, ಎಲ್ಲ ಸಂಪರ್ಕಗಳನ್ನೂ ಗುಡಿಸಿ ಹಾಕುವ ಆಜ್ಞೆಯನ್ನು ಕೊಟ್ಟರೆ, ಬಫರುಗಳಲ್ಲಿರುವ ಪಠ್ಯ ಇದ್ದಂತೆಯೇ ಇರುತ್ತದೆ. ಮುಂದಿನ ಸಲ ಉಳಿಸುವಾಗ ಅದು ಪಾಸ್‌ವರ್ಡ್ ಕೇಳಿ, ಪ್ರಶ್ನೆಗಳನ್ನೆಲ್ಲ ಮೊದಲಿನಿಂದ ಕೇಳುತ್ತ, ಹೊಸದಾಗಿ ಒಳಗೆ ಹೋಗುತ್ತದೆ.